ಖಾಲಿ ಕಪಾಟಿನ ಕೀಲಿಕೈ

ಮನೆ ಕಟ್ಟಿಸಿದವನಿಗೆ ಮನೆಯಲ್ಲಿ ಜಾಗ ಇರುತ್ತದೆ ಎಂಬುದು ಕಟ್ಟಿಸುವ ಮೊದಲಿನ ನಂಬಿಕೆ. ಆಮೇಲೆ ತಿಳಿಯುತ್ತದೆ, ಜಾಗ ಇರುವುದು ಕಪಾಟುಗಳಿಗೆ. ಯಜಮಾನ ಅವುಗಳ ನಡುವೆ ಉಳಿದ ಸಂದಿಯಲ್ಲಿ ಓಡಾಡಿಕೊಂಡಿರಬೇಕು. ನಾನು ಸೋಲಾಪುರದಲ್ಲಿ ಚಾದರ, ಟಾವೆಲ್ಲುಗಳ ವ್ಯಾಪಾರಿ. ಅಂಗಡಿಯಲ್ಲಿ ಯಾವ ಬಣ್ಣದ ಟಾವೆಲ್ಲು ಯಾವ ಖಾನೆಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಮನೆಗೆ ಬಂದರೆ ಒಂದು ಟಾವೆಲ್ಲು ಸಿಗದೆ ಎಷ್ಟೋ ಸಲ ಅಂಗಿಯ ತೋಳಿಗೇ ಮುಖ ಒರೆಸಿಕೊಂಡಿದ್ದೇನೆ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಯಲ್ಲೇ ಐವತ್ತೆಂಟು ವರ್ಷ ಕಳೆದವನು ನಾನು.

ಹಾಗೆಂದು ನಮ್ಮ ಮನೆಯಲ್ಲಿ ಕಪಾಟುಗಳಿಗೆ ಬರವಿಲ್ಲ. ಅವ್ವನ ಕೋಣೆಯಲ್ಲಿ ಸಾಗವಾನಿಯದೊಂದಿದೆ. ಅದರ ತುಂಬ ತಾಮ್ರದ ತಂಬಿಗೆಗಳು ಮತ್ತು ಯಾರೂ ಬಿಚ್ಚಿ ನೋಡದ ಗಂಟುಗಳು. ಹೆಂಡತಿ ಮಹಾನಂದಾಳ ಕಬ್ಬಿಣದ ಕಪಾಟು ಅವಳ ಜೊತೆಗೇ ತವರಿನಿಂದ ಬಂದದ್ದು. ಅದರ ಬಾಗಿಲು ತೆಗೆದರೆ ಇಡೀ ಓಣಿಗೆ ಕೇಳಿಸುವುದರಿಂದ ಕಳ್ಳರ ಭಯವಿಲ್ಲ. ನನಗೂ ಕೈ ಹಾಕುವ ಧೈರ್ಯವಿಲ್ಲ. ಹೋದ ವರ್ಷ ಮಲಗುವ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹೊಸ ನಮೂನೆಯದೊಂದನ್ನು ಮಾಡಿಸಿದೆವು. ಅದರ ಬಾಗಿಲು ಎಳೆಯುವಂತಿಲ್ಲ, ಸರಿಸಬೇಕು. ಒಂದು ಕಡೆ ತೆರೆದರೆ ಇನ್ನೊಂದು ಕಡೆ ಮುಚ್ಚುತ್ತದೆ, ನನಗೆ ಬೇಕಾದದ್ದು ಯಾವಾಗಲೂ ಮುಚ್ಚಿದ ಕಡೆಗೇ ಇರುತ್ತದೆ. ಬಡಗಿ ಒಂದು ಖಾನೆ ತೋರಿಸಿ, "ಇದು ಮಾಲಕರದು" ಎಂದಿದ್ದ. ಮರುವಾರ ಅಲ್ಲಿ ಮಿಕ್ಸರಿನ ಖಾಲಿ ಡಬ್ಬಿ ಕುಳಿತಿತ್ತು. ಗ್ಯಾರಂಟಿ ಮುಗಿಯುವವರೆಗೆ ಡಬ್ಬಿ ಎಸೆಯಬಾರದಂತೆ. ನನಗೆ ಯಾರೂ ಗ್ಯಾರಂಟಿ ಕೊಟ್ಟಿಲ್ಲ, ಹೀಗಾಗಿ ನನ್ನ ಬಟ್ಟೆಗಳು ಕುರ್ಚಿಯ ಮೇಲೆ.

ಇದೂ ನಡೆದುಹೋಗುತ್ತಿತ್ತು. ಆದರೆ ಒಂದು ದಿನ ಯಾವುದೋ ಅರ್ಜಿಗೆ ನನ್ನ ಶಾಲೆಯ ದಾಖಲೆ ಬೇಕಾಯಿತು. ಮೂರೂ ಕಪಾಟುಗಳನ್ನು ಜಾಲಾಡಿದರೂ ಸಿಗಲಿಲ್ಲ. ಕಡೆಗೆ ನೋಡಿದರೆ ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಹಾಸಿದ್ದ ಕಾಗದವೇ ಅದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಿಜ ಹೇಳುತ್ತೇನೆ, ಒಳಗೊಳಗೇ ಬಹಳ ನೋವಾಯಿತು. ಈ ಮನೆಯಲ್ಲಿ ನನ್ನದು ಎಂದು ಕೈಯಿಟ್ಟು ತೋರಿಸಲು ಒಂದು ಗೇಣು ಹಲಗೆ ಇಲ್ಲವಲ್ಲ ಅನ್ನಿಸಿತು.

"ನನಗೊಂದು ಕಪಾಟ ಬೇಕು," ಎಂದೆ.

ಮಹಾನಂದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ನಿಮಗ ಯಾಕ ಬೇಕ್ರಿ ಕಪಾಟ? ಒಳಗ ಏನ ಇಡಾವ್ರು?"

"ಇಡತೀನಿ," ಎಂದೆ ಗಾಂಭೀರ್ಯದಿಂದ. ಏನು ಎಂದು ನನಗೂ ಗೊತ್ತಿರಲಿಲ್ಲ.

ಗುರುವಾರ ದರ್ಶನದ ನೆಪ ಮಾಡಿ ಅಕ್ಕಲಕೋಟೆಗೆ ಹೋದೆ. ಊರ ಹೊರಗೆ ಹಳೆಯ ಮರದ ಸಾಮಾನು ಮಾರುವವನೊಬ್ಬನಿದ್ದಾನೆ. ಅವನ ಅಂಗಳದಲ್ಲಿರುವ ಪ್ರತಿಯೊಂದು ಕಪಾಟೂ ಸಂಸ್ಥಾನದ್ದೇ. ಅವನ ಮಾತು ನಂಬಿದರೆ ಹಿಂದಿನ ರಾಜರು ರಾಜ್ಯಭಾರ ಬಿಟ್ಟು ಬಟ್ಟೆ ಮಡಚುವುದರಲ್ಲೇ ಆಯುಷ್ಯ ಕಳೆದಿರಬೇಕು. "ಬಘಾ ಮಾಲಕ, ನೋಡ್ರಿ," ಎಂದು ಶುರು ಮಾಡಿದ. "ನೂರ ವರ್ಷ ದಾಟಿದ್ರ ಅದಕ್ಕ ಆಂಟಿಕ್ ಅಂತಾರ. ನಲವತ್ತ ದಾಟಿದ್ರ ವಿಂಟೇಜ್. ಈಗಿಂದಕ್ಕ ಕಂಟೆಂಪರರಿ. ನಿಮಗ ಯಾವುದ ಕೊಡ್ಲಿ?" ನನ್ನ ವಯಸ್ಸು ನೆನಪಾಗಿ, ನಾನು ವಿಂಟೇಜ್ ಆಗಿ ಹದಿನೆಂಟು ವರ್ಷವಾದರೂ ಮನೆಯಲ್ಲಿ ಯಾರೂ ಗಮನಿಸಿಲ್ಲವೆಂದು ಬೇಸರವಾಯಿತು. ಹಿಂದುಗಡೆ ಒಬ್ಬ ಮುದುಕ ಹೊಚ್ಚಹೊಸ ಕಪಾಟಿಗೆ ಚಹಾದ ಕಷಾಯ ಬಳಿಯುತ್ತಿದ್ದ. ಇದೇನೆಂದು ಕೇಳಿದೆ. "ಅದು ಬ್ಯಾರೆ ಗಿರಾಕಿದು," ಎಂದು ಮಾರುವವನು ನನ್ನ ಮುಖವನ್ನು ಈಚೆ ತಿರುಗಿಸಿದ. ನಾನು ಮೆಚ್ಚಿದ ಕಪಾಟಿನ ಒಂದು ಕಾಲು ಅಲ್ಲಾಡುತ್ತಿತ್ತು. "ಅಸಲಿ ಹಳೇದ ಅನ್ನೂದಕ್ಕ ಅದ ಪುರಾವಾ ರೀ," ಎಂದ. ನನ್ನ ಮನಸ್ಸು ಮಾತ್ರ ಅಷ್ಟರಲ್ಲೇ ಅದರ ಹಿತ್ತಾಳೆಯ ಕೀಲಿಗೆ ಸೋತಿತ್ತು. ಕೀಲಿಕೈ ಅಂಗೈಯಷ್ಟು ಉದ್ದ. ಅದನ್ನು ಹಿಡಿದಾಗ, ಯಾವುದೋ ಕೋಟೆಯ ಅಧಿಕಾರ ಕೈಗೆ ಬಂದಂತೆ ಎದೆ ಉಬ್ಬಿತು.

ಟೆಂಪೋದಲ್ಲಿ ಕಪಾಟು ಬಂತು, ಮನೆಯ ಪಡಸಾಲೆಯ ಪಕ್ಕ ನಾನು ಅಂಗಡಿಯ ಲೆಕ್ಕ ಬರೆಯುವ ಸಣ್ಣ ಕೋಣೆ ಸೇರಿತು. ಒಳಗೆ ಏನಿಡಬೇಕೆಂದು ತೋಚದೆ ಸದ್ಯಕ್ಕೆ ಖಾಲಿಯಾಗಿಯೇ ಕೀಲಿ ಹಾಕಿ, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡೆ. ಅಲ್ಲಿಂದ ನನ್ನ ನಸೀಬು ತೆರೆಯಿತು. ಮರುದಿನ ಬೆಳಿಗ್ಗೆ ಕೇಳದೆಯೇ ಎರಡನೇ ಚಹಾ ಬಂತು. ಅವ್ವ ಹತ್ತಿರ ಕರೆದು, "ಯಪ್ಪಾ, ಒಳಗ ಏನ ಇಟ್ಟೀಯೋ? ನಿಮ್ಮ ಅಪ್ಪಂದ ಏನರ ಅದ ಏನು?" ಎಂದು ಪಿಸುಗುಟ್ಟಿದಳು. ನಾನು ಸುಮ್ಮನೆ ನಕ್ಕೆ. ಬೋರಾಮಣಿಯಿಂದ ಬಂದ ನನ್ನ ತಂಗಿ, ಕುರಿ ಮಾರುವ ವಿಷಯದಲ್ಲಿ ಮೊದಲ ಬಾರಿಗೆ ನನ್ನ ಸಲಹೆ ಕೇಳಿದಳು. ಕುರಿಯ ಬಾಲ ಯಾವುದು ತಲೆ ಯಾವುದು ಎಂಬುದಕ್ಕಿಂತ ಹೆಚ್ಚು ತಿಳಿಯದ ನಾನು ಅದನ್ನೂ ಕೊಟ್ಟೆ. ದಿನಾ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು, ಕಿರ್ರೆಂದು ಕಪಾಟು ತೆಗೆದು, ಹತ್ತು ನಿಮಿಷ ಕೂತು, ಮತ್ತೆ ಕಿರ್ರೆಂದು ಮುಚ್ಚಿ ಹೊರಬಂದರೆ ಮನೆಯವರು ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದರು.

ಆ ಹತ್ತು ನಿಮಿಷ ನಾನು ಒಳಗೆ ಏನು ಮಾಡುತ್ತಿದ್ದೆ ಎಂಬುದನ್ನು ಹೇಳಲು ನಾಚಿಕೆಯಾಗುತ್ತದೆ. ಕಪಾಟಿನಲ್ಲಿಡಲು ನನ್ನ ಸ್ವಂತದ್ದೇನಿದೆ ಎಂದು ಯೋಚಿಸುತ್ತಿದ್ದೆ. ಹಿಟ್ಟು ಕೊಡವಿದ ಆ ದಾಖಲೆ ಇಟ್ಟೆ. ಅಪ್ಪನ ಒಡೆದ ಚಷ್ಮಾ ಇಟ್ಟೆ. ಎರಡು ದಿನ ಯೋಚಿಸಿ, ಕಾಲೇಜಿನಲ್ಲಿ ಕೊಂಡು ಇವತ್ತಿಗೂ ಊದಲು ಬಾರದ ಬಾಯಿಬಾಜಾ ಇಟ್ಟೆ. ಒಂದು ಖಾನೆಯ ಮೂಲೆಯೂ ತುಂಬಲಿಲ್ಲ. ಉಳಿದದ್ದೆಲ್ಲ ಅಂಗಡಿಯದು, ಮನೆಯದು, ಮಂದಿಯದು. ಅಷ್ಟೆಲ್ಲ ಹಟ ಹಿಡಿದು ಜಾಗ ಗಿಟ್ಟಿಸಿದ ಮೇಲೆ, ಇಡಲು ನನ್ನ ಹತ್ತಿರ ಏನೂ ಇಲ್ಲ ಎಂದು ತಿಳಿದು ಒಂದು ಸಂಜೆ ಕಣ್ಣು ತುಂಬಿತು. ಹೊರಬಂದಾಗ ಅದನ್ನು ನೋಡಿದ ಅವ್ವ, ಒಳಗಿರುವುದು ಸಾಮಾನ್ಯ ವಸ್ತುವಲ್ಲ ಎಂದು ತೀರ್ಮಾನಿಸಿದಳು.

ವ್ಯಾಪಾರದ ಕೆಲಸಕ್ಕೆಂದು ನಾಲ್ಕು ದಿನ ಹುಬ್ಬಳ್ಳಿಗೆ ಹೋಗಿ ಬಂದೆ. ಸಂಜೆ ಎಂದಿನಂತೆ ಕಪಾಟು ತೆಗೆದರೆ, ಮೇಲಿಂದ ಕೆಳತನಕ ಹೊಸ ಚಾದರಗಳು, ಮದುವೆ ಮುಂಜಿಗಳಲ್ಲಿ ಆಯೇರಿಯಾಗಿ ಬಂದ ಸೀರೆಗಳು, ಕೊಪ್ಪರಿಗೆಯಂಥ ಎರಡು ಸ್ಟೀಲಿನ ಪಾತ್ರೆಗಳು. ಕೀಲಿಕೈ ನನ್ನ ಸೊಂಟದಲ್ಲೇ ಇತ್ತು. ಮಹಾನಂದಾಳನ್ನು ಒಳಗೆ ಕರೆದೆ.

"ಹೆಂಗ ತೆಗದೀ?"

"ಅದೇನ ಕೀಲಿ ಏನ್ರಿ? ಹೇರ್‌ಪಿನ್ ಹಾಕಿದ್ರ ತೆಗಿತದ. ತಂದ ಮರುದಿನಾನ ತೆಗದ ನೋಡೀನಿ. ಒಳಗ ಏನೂ ಇರಲಿಲ್ಲ."

ಅಂದರೆ ಎರಡನೇ ಚಹಾ ಕೊಟ್ಟ ದಿನವೇ ಅವಳಿಗೆ ಗೊತ್ತಿತ್ತು. "ಮತ್ತ ಯಾರ ಮುಂದೂ ಹೇಳಲಿಲ್ಲ?" ಎಂದೆ.

"ಯಾಕ ಹೇಳಬೇಕ್ರಿ? ಝಾಕಲಿ ಮೂಠ ಸವ್ವಾ ಲಾಖಾಚಿ. ಮುಚ್ಚಿದ ಮುಷ್ಟಿಗೇ ಕಿಮ್ಮತ್ತ." ಅವಳು ಚಾದರದ ಮಡಿಕೆ ಸರಿ ಮಾಡಿದಳು. "ಅತ್ತಿಯವ್ರು ಮನಿಗೆ ಬಂದವ್ರಿಗೆಲ್ಲ ಚಲೋ ಚಾದರ ಎತ್ತಿ ಕೊಡತಾರ. ನನ್ನ ಕಪಾಟ ತೆಗದ್ರ ಆವಾಜ ಕೇಳಿ ಓಡಿ ಬರತಾರ. ಇದಕ್ಕ ಮಾತ್ರ ಅವ್ರು ಕೈ ಹಚ್ಚಾಂಗಿಲ್ಲ, ಅಂಜತಾರ. ನಿಮ್ಮ ಸಾಮಾನು ಹೊರಗ ಹಾಕಿಲ್ರಿ, ಪಾತ್ರಿ ಒಳಗ ಇಟ್ಟೀನಿ."

ಹೌದು, ದೊಡ್ಡ ಪಾತ್ರೆಯ ತಳದಲ್ಲಿ ದಾಖಲೆ, ಚಷ್ಮಾ, ಬಾಯಿಬಾಜಾ ಮೂರೂ ಇದ್ದವು. ಪಾತ್ರೆಯೊಳಗೆ ಇನ್ನೂ ಸಾಕಷ್ಟು ಜಾಗ ಉಳಿದಿತ್ತು.

ನಿನ್ನೆ ಸಂಜೆ ಅಂಗಡಿಯಿಂದ ಬಂದವನೇ ದಣಿದು ಪಡಸಾಲೆಯಲ್ಲೇ ಕೂತುಬಿಟ್ಟಿದ್ದೆ. ಅವ್ವ ಎದುರಿಗಿದ್ದಳು. ಮಹಾನಂದಾ ಚಹಾ ಕೊಡುವ ನೆಪದಲ್ಲಿ ಬಗ್ಗಿ, ಮೆಲ್ಲಗೆ ಅಂದಳು: "ಏನ್ರಿ, ಇವತ್ತ ಇನ್ನ ಒಳಗ ಹೋಗಿಲ್ಲ? ಏಳ್ರಿ, ಅತ್ತಿಯವ್ರಿಗೆ ಸಂಶಯ ಬರತದ." ನಾನು ಗಂಟಲು ಸರಿಮಾಡಿಕೊಂಡು, ಮುಖದಲ್ಲಿ ಗಾಂಭೀರ್ಯ ತಂದುಕೊಂಡು, ಹೆಂಡತಿಯ ಚಾದರಗಳನ್ನು ಕಾಯಲು ಎದ್ದು ಹೋದೆ.