ಹುಳುಮನೆಯಲ್ಲಿ ಎರಡು ಸೀಟಿನ ವಿಮಾನ

ನಮ್ಮ ಮನೆತನದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಗುವವರು ನಗಲಿ. ಚನ್ನಪಟ್ಟಣದ ನಮ್ಮ ಕಡೆ ಮೊದಲು ಹಿಪ್ಪುನೇರಳೆ ಕಡ್ಡಿ ನೆಟ್ಟವರಲ್ಲಿ ನಮ್ಮ ಮಾವನವರ ತಂದೆ ಒಬ್ಬರು. ಅವರು ತೀರ್ಮಾನ ಮಾಡಿದ ನ್ಯಾಯವನ್ನು ದೊಡ್ಡಮಳೂರಿನವರೆಗೂ ಯಾರೂ ಮತ್ತೆ ಎತ್ತಿದ್ದಿಲ್ಲ. ನನ್ನ ತವರು ಮಾಗಡಿ. ತಂದೆ ನನ್ನನ್ನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿಸಿದರು. ಬೆನ್ನು ನೆಟ್ಟಗಿಟ್ಟು ಕೂರುವುದನ್ನೂ ಮೊಣಕೈವರೆಗೆ ಕೈ ತೊಳೆಯುವುದನ್ನೂ ಕಲಿಸಿದ ಸಿಸ್ಟರುಗಳಿಗೆ, ಅದು ಮುಂದೆ ರೇಷ್ಮೆಹುಳು ಸಾಕುವುದಕ್ಕೆ ಒದಗುತ್ತದೆಂದು ಗೊತ್ತಿರಲಾರದು. ರೇಷ್ಮೆಗೆ ಬೆಲೆ ಏರಿ ಜನ ದನದ ಕೊಟ್ಟಿಗೆಯನ್ನೂ ಹುಳುಮನೆ ಮಾಡಿಕೊಂಡ ಆ ವರ್ಷಗಳಲ್ಲಿ, ರಾಮನಗರದ ಮಾರುಕಟ್ಟೆಯಲ್ಲಿ ನಮ್ಮ ಗೂಡನ್ನು ಕೈಹಾಕಿ ನೋಡದೆಯೇ ಹರಾಜು ಕೂಗುತ್ತಿದ್ದರು. ಕಾರಣ ಒಂದೇ. ನಮ್ಮ ಹುಳುಮನೆಗೆ ರೋಗ ಬಂದದ್ದಿಲ್ಲ.

ಇಷ್ಟು ಶಿಸ್ತಿನ ಮನೆಯಲ್ಲೂ ನಡೆಯಬಾರದ್ದು ನಡೆಯುತ್ತಲೇ ಇರುತ್ತದೆ. ಎಲ್ಲವನ್ನೂ ಬರೆದರೆ ಪುಸ್ತಕವಾದೀತು. ಕಳೆದ ಬೆಳೆಯಲ್ಲಿ ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಒಂದು ಸೀಟು ಸಾಲದು

ನಮ್ಮ ಯಜಮಾನರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾರೆ. ಬಿಡುವಾದಾಗ ಪ್ಲಾಸ್ಟಿಕ್ಕಿನ ತುಂಡುಗಳನ್ನು ಅಂಟಿಸಿ ಗೇಣುದ್ದದ ವಿಮಾನ ಮಾಡುವುದು ಅವರ ಹವ್ಯಾಸ. ಕುಡಿತ, ಇಸ್ಪೀಟು ಇಲ್ಲದ ಗಂಡಸಿಗೆ ಇಷ್ಟಾದರೂ ಇರಲಿ ಎಂದು ನಾನು ಸುಮ್ಮನಿದ್ದೆ.

ಅವರ ಅಕ್ಕನ ಗಂಡ ವಾಯುಪಡೆಯಿಂದ ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಒಂದು ದಿನ ಆ ಭಾವನವರು ಒಂದು ಡಬ್ಬ ಹಿಡಿದು ಬಂದರು. ಒಳಗೆ ಅವರು ಹಾರಿಸುತ್ತಿದ್ದ ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿಯ ಬಿಡಿಭಾಗಗಳು.

"ಇದರಲ್ಲಿ ಒಂದೇ ಸೀಟು," ಎಂದರು. "ನಾನು ಕೂತಿದ್ದು ತರಬೇತಿ ಕೊಡುವ ಎರಡು ಸೀಟಿನದು. ಅದು ಅಂಗಡೀಲಿ ಸಿಗೋಲ್ಲ. ನೀನು ಇದನ್ನೇ ಅದು ಮಾಡಿಕೊಡು."

"ಅದಕ್ಕೇನು ಭಾವ, ನಡುವೆ ಕೊಯ್ದು ಒಂದು ತುಂಡು ಸೇರಿಸಿದರಾಯಿತು," ಎಂದರು ನಮ್ಮವರು.

ಡಬ್ಬದ ತಳದಲ್ಲಿ ಅಂಟಿನ ಸೀಸೆ, ಬಣ್ಣದ ಸೀಸೆ, ಥಿನ್ನರ್ ಸೀಸೆ ಕಂಡವು. ಹುಳುವಿಗೆ ವಾಸನೆ ಆಗದು. ಬೀಡಿ ಸೇದಿದವನ ಕೈಯಿಂದ ಸೊಪ್ಪು ಹಾಕಿದರೂ ಮುಖ ತಿರುಗಿಸುವ ಪ್ರಾಣಿ ಅದು. ಹಿತ್ತಲ ಹುಳುಮನೆಯಲ್ಲಿ ಆಗ ತಟ್ಟೆ ತಟ್ಟೆ ಹುಳು ಮೇಯುತ್ತಿದ್ದವು.

"ಈ ಸೀಸೆ ಮನೆಯೊಳಗೆ ಬಾಯಿ ತೆರೆಯಕೂಡದು," ಎಂದೆ.

ಭಾವನವರು ಹೆದರಿದಂತೆ ಕಂಡರು. ಹೊರಡುವಾಗ ಯಜಮಾನರ ಕಿವಿಯಲ್ಲಿ, "ನಮ್ಮ ಕಮಾಂಡರೂ ಹೀಗೇ ಇದ್ದರು. ಆದರೆ ಅವರಿಗೆ ವರ್ಗ ಆಗುತ್ತಿತ್ತು," ಎಂದದ್ದು ನನಗೆ ಕೇಳಿಸಿತು.

ಗಾಳಿ ನೋಡುವವಳು

ಹುಳುಮನೆಯಿಂದ ದೂರದಲ್ಲಿ, ತೋಟದ ಬಾವಿಕಟ್ಟೆಯ ಮೇಲೆ ಯಜಮಾನರಿಗೆ ಜಾಗ ಕೊಟ್ಟೆ. ಅಷ್ಟಕ್ಕೇ ನನ್ನ ಭಯ ಹೋಗಲಿಲ್ಲ. ಗಾಳಿಗೆ ಬೇಲಿ ಇಲ್ಲವಲ್ಲ. ಸೊಪ್ಪು ಹೆಚ್ಚಿ ಹುಳು ನೋಡಿಕೊಳ್ಳುವ ಹೆಂಗಸಿಗೆ ಒಂದು ಕೋಲಿನ ತುದಿಗೆ ಟವಲು ಕಟ್ಟಿಕೊಟ್ಟು ನಡುವೆ ನಿಲ್ಲಿಸಿದೆ. ಟವಲು ಬಾವಿ ಕಡೆ ಹಾರಿದರೆ ಸೀಸೆ ತೆರೆಯಬಹುದು. ಹುಳುಮನೆ ಕಡೆ ಹಾರಿದರೆ ಮುಚ್ಚಬೇಕು.

ಯಜಮಾನರು ಒಂದು ರೆಕ್ಕೆಗೆ ಅಂಟು ಹಚ್ಚುವಷ್ಟರಲ್ಲಿ ಅವಳು ಕೂಗುವಳು: "ಸಾಮೇರಾ, ಗಾಳಿ ಈ ಕಡೀಕ್ ತಿರಿಕ್ಕಂತು. ಬಿರಡೆ ಹಾಕ್ಬುಡಿ."

ಹಾಕುವರು. ರೆಕ್ಕೆ ಕೈಯಲ್ಲೇ ಒಣಗುವುದು.

"ಈಗ ಆ ಕಡೀಕ್ ಹೋಯ್ತು. ತಗೀರಿ ಒಸಿ."

ತೆಗೆಯುವರು. ಹೀಗೆ ಒಂದು ರೆಕ್ಕೆ ಕೂಡಿಸುವುದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನಿಂತು ನೋಡಿ, "ಏನಕ್ಕ, ಯಜಮಾನ್ರಿಗೆ ಗಾಳಿ ಏನಾರ ಮೆಟ್ಕಂಡೈತಾ?" ಎಂದು ಕೇಳಿದ.

"ಊಂ ಕಣಣ್ಣ," ಎಂದಳು ಅವಳು ಟವಲು ಇಳಿಸದೆ. "ಇಮಾನದ ಗಾಳಿ. ಅಮ್ಮಾವ್ರು ಬುಡುಸ್ತಾವ್ರೆ."

ಇಬ್ಬರ ಉಪವಾಸ

ವಿಮಾನದ ಹೊಟ್ಟೆ ಕೊಯ್ಯಲು ಸರಿಯಾದ ಗರಗಸ ಸಿಗಲಿಲ್ಲ. ನಾನು ದೇವಸ್ಥಾನಕ್ಕೆ ಹೋಗಿದ್ದಾಗ, ಗಾಳಿ ನೋಡುವವಳನ್ನು ಕರೆಯದೆ, ಯಜಮಾನರು ಚಾಕು ಕಾಯಿಸಿ ಕೊಯ್ದಿದ್ದಾರೆ. ನಾನು ಹಿತ್ತಲಿಗೆ ಬರುವಾಗ ಸುಟ್ಟ ಪ್ಲಾಸ್ಟಿಕ್ಕಿನ ನಾತ. ಕಾಲು ತೊಳೆದು ಹುಳುಮನೆಗೆ ಓಡಿದೆ. ಅಲ್ಲಿ ಯಜಮಾನರೇ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದರು.

"ಹೋಯಿತು ಕಣೇ. ಒಂದೂ ಅಲುಗಾಡುತ್ತಿಲ್ಲ. ಸೊಪ್ಪು ಮುಟ್ಟಿಲ್ಲ. ಎಲ್ಲ ತಲೆ ಎತ್ತಿ ಹಾಗೇ ಸೆಟೆದುಕೊಂಡಿವೆ."

ಬಗ್ಗಿ ನೋಡಿದೆ. ಹುಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಅವು ಮೇವು ಬಿಟ್ಟು, ತಲೆ ಎತ್ತಿ, ಹಾಗೇ ನಿಲ್ಲುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ರೇಷ್ಮೆ ಮನೆತನದಲ್ಲಿ ಹುಟ್ಟಿ ಬೆಳೆದ ಗಂಡಸಿಗೆ ಇದು ತಿಳಿಯದಿದ್ದರೆ ತಿಳಿಸುವುದು ನನ್ನ ಕೆಲಸವೆಂದು ನನಗೆ ಅನ್ನಿಸಲಿಲ್ಲ.

"ನೋಡೋಣ," ಎಂದಷ್ಟೇ ಹೇಳಿದೆ.

ಅವರು ಆ ಹೊತ್ತು ಊಟ ಮಾಡಲಿಲ್ಲ. ದೇವರ ಮನೆಯ ಮುಂದೆ ಕೂತರು. ಮರುದಿನ ಹುಳು ಪೊರೆ ಕಳಚಿ ಸೊಪ್ಪಿಗೆ ಬಾಯಿ ಹಾಕಿದವು. ಆ ಸದ್ದು ಕೇಳಿಸಿಕೊಂಡು ಹುಳು ನೋಡುವ ಹೆಂಗಸು ಒಳಗೆ ಬಂದು ಹೇಳಿದಳು: "ಅಮ್ಮಾ, ಅವು ಎದ್ವು. ಇವ್ರಿಗೂ ಒಂದು ಮುದ್ದೆ ಇಕ್ಬುಡಿ."

ಚೂಪು ಮೂತಿ

ಕೊಯ್ದ ಹೊಟ್ಟೆಯ ನಡುವೆ ನನ್ನ ಸೋಪಿನ ಡಬ್ಬದ ತುಂಡು ಕೂತಿತು. ಎರಡು ಸೀಟಿನ ಮೇಲಿನ ಗಾಜಿಗೆ ಹೊಸ ಅಂಗಿಯ ಡಬ್ಬದ ಮುಚ್ಚಳ ಹೋಯಿತು. ಎರಡು ಸೀಟಿನದಕ್ಕೆ ಮೂತಿ ಇನ್ನೂ ಉದ್ದ, ಇನ್ನೂ ಚೂಪು ಬೇಕಂತೆ. ಅದನ್ನು ನಮ್ಮೂರಿನಲ್ಲೇ ಬೊಂಬೆ ಕಡೆಯುವ ಒಬ್ಬ ಮುದುಕರಿಗೆ ಹೇಳಿದ್ದರು.

ಬಂದದ್ದು ಬೋರೆಹಣ್ಣಿನಂತೆ ದುಂಡಗಿತ್ತು. ಹಿಂದಕ್ಕೆ ಕಳಿಸಿದೆವು. ಮತ್ತೂ ದುಂಡಗೆ ಬಂತು. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ಮುಂಚೆ ಈ ಬಣ್ಣದ ಕೆಲಸ ಮುಗಿಯದಿದ್ದರೆ ಗತಿಯೇನೆಂಬ ಭಯಕ್ಕೆ ನಾನೇ ಹೋದೆ.

"ಚಿತ್ರದಲ್ಲಿ ಚೂಪಾಗಿದೆ. ಚೂಪಾಗಿಯೇ ಬೇಕು," ಎಂದೆ.

"ಚೂಪು ಬುಡಂಗಿಲ್ಲ ತಾಯಿ," ಎಂದರು ಅವರು ಮರ ತಿರುಗಿಸುತ್ತಲೇ. "ನಮ್ ತಾತನ ಕಾಲ್ದಿಂದ ಒಂದು ಬೊಂಬೇಗೂ ಚೂಪು ಬುಟ್ಟಿಲ್ಲ. ಮಗ ಬಾಯ್ಗಿಕ್ಕತ್ತದೆ."

"ಇದು ಮಗುವಿಗಲ್ಲ. ವಾಯುಪಡೆಯ ನಿವೃತ್ತ ಅಧಿಕಾರಿಗೆ."

ಅವರು ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿದರು. "ಎಷ್ಟಾತು ವಯಸ್ಸು?"

"ಅರವತ್ತು ದಾಟಿದೆ."

"ಅಂಗಾದ್ರೆ ಬ್ಯಾಡ್ವೇ ಬ್ಯಾಡ," ಎಂದರು. "ಆ ವಯ್ಸಲ್ಲಿ ಮತ್ತೆ ಬಾಯ್ಗಿಕ್ಕಕ್ಕೆ ಸುರು ಮಾಡ್ತಾರೆ."

ಕೊನೆಗೆ ಮೂತಿಯನ್ನು ಯಜಮಾನರೇ ಬಾವಿಕಟ್ಟೆಯ ಕಲ್ಲಿಗೆ ಉಜ್ಜಿ ಚೂಪು ಮಾಡಿದರು.

ಹಿಂದಿನ ಸೀಟಿನವನು

ಬಣ್ಣ ಒಣಗಿತು. ನಾನೇ ಮೂಗಿಗೆ ಹಿಡಿದು ನೋಡಿ, ವಾಸನೆ ಪೂರ್ತಿ ಹೋಗಿದೆಯೆಂದು ಖಾತ್ರಿಯಾದ ಮೇಲೆ ಜಗಲಿಗೆ ತರಲು ಬಿಟ್ಟೆ. ಮೇಲಿನ ಗಾಜು ಇನ್ನೂ ಕೂಡಿಸಿರಲಿಲ್ಲ. ಅಷ್ಟರಲ್ಲಿ ಹುಳು ಹಣ್ಣಾದವು. ಹಣ್ಣು ಹುಳು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ನೆಲದ ಪಾಲು. ಮನೆಮಂದಿಯೆಲ್ಲ ಓಡಾಡಿ, ಬಾಡಿಗೆಗೆ ತಂದ ಚಂದ್ರಿಕೆಗಳನ್ನೂ ಜಗಲಿ ತುಂಬ ಒರಗಿಸಿದೆವು. ವಿಮಾನವನ್ನು ಯಾರೂ ಗಮನಿಸಲಿಲ್ಲ, ಮೂರು ಹುಳುಗಳ ಹೊರತು. ಎರಡು ರೆಕ್ಕೆಗಳ ಕೆಳಗೆ ಒಂದೊಂದು ಗೂಡು ಕಟ್ಟಿದವು. ಮೂರನೆಯದು ಹಿಂದಿನ ಸೀಟಿನಲ್ಲಿ ಕಟ್ಟಿತು.

ಗೂಡು ಬಿಡಿಸುವ ದಿನ ಭಾವನವರು ಬಂದರು. ಬೆಳೆ ಚೆನ್ನಾಗಿತ್ತು, ನನ್ನ ಎದೆ ಹಗುರವಾಗಿತ್ತು. ವಿಮಾನದ ಗೂಡು ಕೀಳಲು ಕೈಹಾಕಿದರೆ ಅವರು ತಡೆದರು.

"ಟ್ಯಾಂಕು ಮುಟ್ಟಬೇಡಿ."

"ಭಾವ, ಅದು ಗೂಡು," ಎಂದರು ಯಜಮಾನರು.

"ಇರಲಿ. ನಮ್ಮದಕ್ಕೆ ರೆಕ್ಕೆ ಕೆಳಗೆ ಇಂಧನದ ಟ್ಯಾಂಕು ಹೀಗೇ ಇತ್ತು. ಆ ಹಿಂದೆ ಕೂತಿರೋದು ನಾನು. ನನ್ನ ಹೆಲ್ಮೆಟ್ ಹಳದಿ ಅಲ್ಲ, ಬಿಳಿ. ಹೋಗಲಿ ಬಿಡು."

"ಒಳಗೆ ಜೀವ ಇದೆ," ಎಂದೆ. "ಹಬೆಯಲ್ಲಿಡದಿದ್ದರೆ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಬರುತ್ತದೆ."

"ನನ್ನನ್ನು ಹಬೆಯಲ್ಲಿಡುತ್ತೀರಾ?" ಎಂದು ನಕ್ಕು, ವಿಮಾನವನ್ನು ಹಾಗೇ ಮೈಸೂರಿಗೆ ಒಯ್ದು ಗಾಜಿನ ಬೀರುವಿನಲ್ಲಿ ಪದಕಗಳ ಪಕ್ಕ ಇಟ್ಟರು.

ಆಮೇಲೆ ಕನಕಪುರದಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಕೂತವರೆಲ್ಲ ರೇಷ್ಮೆಯವರು. ಈ ವರ್ಷ ಊಜಿ ನೊಣದ ಭಯ ಎಲ್ಲ ಕಡೆ ಹಬ್ಬಿದೆ. ಆ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ನೊಣದ ಮರಿ ಆ ಹುಳುವನ್ನು ತಿಂದು, ಗೂಡು ಕೊರೆದು ಹೊರಗೆ ಬರುತ್ತದೆ. ಒಂದು ಮನೆಗೆ ಬಂತೆಂದರೆ ಸುತ್ತಲಿನವರು ಆ ಮನೆಯ ನೆರಳನ್ನೂ ತುಳಿಯುವುದಿಲ್ಲ.

ಭಾವನವರು ಹೋಳಿಗೆ ಮುರಿಯುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದರು: "ಇವರ ಮನೆ ಗೂಡು ತೂತು ಬಿತ್ತು ಕಣ್ರಪ್ಪ. ಒಳಗಿಂದ ಹುಳ ಬಂದು ಬೀರು ತುಂಬ ಹಾರಾಡಿತು. ನನ್ನ ಪದಕದ ಮೇಲೆಲ್ಲ ಮೊಟ್ಟೆ."

ನನ್ನ ಪಕ್ಕದ ಹೆಂಗಸು ತನ್ನ ಎಲೆಯನ್ನು ಅನ್ನದ ಸಮೇತ ಒಂದು ಗೇಣು ಆಚೆಗೆ ಎಳೆದುಕೊಂಡಳು.

"ಅದು ಚಿಟ್ಟೆ, ನೊಣ ಅಲ್ಲ," ಎಂದರು ನಮ್ಮವರು. "ವಿಮಾನದಲ್ಲಿದ್ದ ಗೂಡು."

ಎದುರು ಪಂಕ್ತಿಯ ಹಿರಿಯರೊಬ್ಬರು ಕೈ ನಿಲ್ಲಿಸಿದರು. "ರೋಗಿಲ್ದಿದ್ರೆ ಗೂಡು ಮಾರ್ಕೆಟ್ಗೆ ಹೋಗ್ತಿತ್ತು. ಇಮಾನ್ದಾಗೆ ಯಾಕ್ ಕಳಿಸಿದ್ರಿ ಸಾಮಿ, ಅಷ್ಟು ಅರ್ಜೆಂಟಾಗಿ?"

ಭಾವನವರೊಬ್ಬರೇ ಸಂತೋಷವಾಗಿ ಮುಗಿಸಿದರು: "ಹಿಂದಿನ ಸೀಟಿನವನು ಮೊದಲು ಜಿಗಿದ. ವಾಯುಪಡೆಯ ನಿಯಮ ಪ್ರಕಾರ ಸರಿಯಾಗೇ ಜಿಗಿದ."

ಮಕ್ಕಳು ನಕ್ಕರು. ಈಗ ನಮ್ಮ ಹುಳುಮನೆಯಲ್ಲಿ ಮುಂದಿನ ಬೆಳೆ ಹಣ್ಣಾಗುತ್ತಿದೆ. ಚಂದ್ರಿಕೆ ಬಾಡಿಗೆಗೆ ಕೊಡುವವರು ಗೇಟಿನಾಚೆಯೇ ನಿಂತು, "ಈ ಸರ್ತಿ ಇಲ್ಲ ಕಣಮ್ಮ, ತಪ್ಪು ತಿಳ್ಕೋಬ್ಯಾಡಿ," ಎಂದು ಹೋದರು. ಇನ್ನು ಕೆಲವು ದಿನದಲ್ಲಿ ಯಾರೂ ಕೊಡದಿದ್ದರೆ ಹುಳು ನೆಲದ ಮೇಲೆ ನೂಲು ಸುತ್ತುತ್ತವೆ.

ನಮ್ಮ ಮನೆಯಲ್ಲಿ ಊಜಿ ಇಲ್ಲ. ಹಾರಿದ್ದು ಚಿಟ್ಟೆ. ನಾನು ಎಚ್ಚರಿಸಿದ ಮೇಲೂ ಅದನ್ನು ಒಯ್ದವರು ಭಾವನವರು. ಆ ಪಂಕ್ತಿಯಲ್ಲಿ ಕೂತಿದ್ದವರ ಮುಂದೆಯೇ, ಈ ವಾರದೊಳಗೆ, ಅವರು ಕ್ಷಮೆ ಕೇಳಬೇಕು.