ಹನ್ನೊಂದನೆಯ ಭೇಟಿಯ ಆರೋಗ್ಯ ಲಾಭಗಳು

ಬೈಲಹೊಂಗಲದ ದಾಖಲೆ ತಿದ್ದುಪಡಿ ಮತ್ತು ಮರುತಿದ್ದುಪಡಿ ಕಚೇರಿಯ ಆವರಣದಲ್ಲಿ ಉಗುಳುವುದನ್ನು ನಿಷೇಧಿಸಲಾಗಿದೆ. ವಿಜ್ಞಾನದ ಸಲುವಾಗಿ ಉಗುಳುವುದರ ಬಗ್ಗೆ ಮಾತ್ರ ನಿಯಮಾವಳಿ ಏನನ್ನೂ ಹೇಳುವುದಿಲ್ಲ.

ಈ ಕೊರತೆಯನ್ನು ಮೊದಲು ಗಮನಿಸಿದವರು ಡಾ. ಶೈಲಜಾ. ಹುಟ್ಟೂರು ಸಂಗೊಳ್ಳಿ, ಧಾರವಾಡದಲ್ಲಿ ಮೆದುಳು ವಿಜ್ಞಾನಿ. ಹದಿನಾಲ್ಕು ವರ್ಷ ಇಲಿಗಳನ್ನು ಕೊಳವೆಯೊಳಗೆ ಸಿಕ್ಕಿಸಿ ಅವುಗಳ ಒತ್ತಡ ಅಳೆದವರು. ಜೀವಕ್ಕೆ ತಳಮಳವಾದಾಗ ಮೆದುಳಿನ ಅಪ್ಪಣೆಯಂತೆ ಕಾರ್ಟಿಸಾಲ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ, ಉಗುಳಿನಲ್ಲೂ ಸಿಗುತ್ತದೆ. ಇನ್ನು ಮನುಷ್ಯರನ್ನು ಅಳೆಯಬೇಕಿತ್ತು. ಮನುಷ್ಯರನ್ನು ಕೊಳವೆಗೆ ತುರುಕಲು ನೀತಿ ಸಮಿತಿ ಒಪ್ಪಲಿಲ್ಲವಾದ್ದರಿಂದ ಅವರು ಈ ಕಚೇರಿಯನ್ನು ಆರಿಸಿಕೊಂಡರು. ಇದಕ್ಕೆ ಸಮಿತಿ ತಕರಾರು ಮಾಡಲಿಲ್ಲ.

"ಬಂದವರು ಬಾಟ್ಲ್ಯಾಗ ಉಗಳತಾರ್ರಿ ಸರ. ನೆಲದ ಮ್ಯಾಲೆ ಅಲ್ಲ," ಎಂದು ಶೈಲಜಾ ಅಧೀಕ್ಷಕ ನಿಜಗುಣಪ್ಪನವರಿಗೆ ವಿವರಿಸಿದರು.

"ನೆಲದ ಮ್ಯಾಲೆ ಉಗಳಿದ್ರ ದಂಡ ಐತ್ರಿ ಮೇಡಂ. ಬಾಟ್ಲ್ಯಾಗ ಉಗಳಿದ್ರ ಏನಂತ ಮ್ಯಾಲಿನವ್ರನ್ನ ಕೇಳಬೇಕಾಗತೈತಿ."

ನಾಲ್ಕು ತಿಂಗಳಿಗೆ ಉತ್ತರ ಬಂತು: 'ಅನುಮತಿಸಿದೆ. ಉಗುಳು ಅರ್ಜಿದಾರರ ಸ್ವಂತದ್ದಾಗಿರತಕ್ಕದ್ದು.' ಅಷ್ಟರೊಳಗೆ ಶೈಲಜಾ ಧಾರವಾಡದಿಂದ ಬಸ್ಸು ಹತ್ತಿ ಒಂಬತ್ತು ಸಲ ಬಂದುಹೋಗಿದ್ದರು. ಅದನ್ನು ಸಂಶೋಧನೆಯ ಪೂರ್ವಸಿದ್ಧತೆ ಎಂದು ಡೈರಿಯಲ್ಲಿ ಬರೆದುಕೊಂಡರು.

ಗೋಡೆ ಪಕ್ಕದ ಉದ್ದನೆಯ ಬಾಕಿನ ಮೇಲೆ ಸರದಿ ಕಾಯುತ್ತ ಕೂತವರಲ್ಲಿ ಮನೋಳಿಯ ಚನ್ನವ್ವ ಇದ್ದಳು. ದಾಖಲೆಯಲ್ಲಿ ಆಕೆ ಚನ್ನಪ್ಪ. ಗಂಡ ತೀರಿ ಎರಡು ವರ್ಷವಾದರೂ ವಿಧವಾ ವೇತನ ಸಿಕ್ಕಿರಲಿಲ್ಲ. ಗಂಡಸು ವಿಧವೆಯಾಗಲು ನಿಯಮದಲ್ಲಿ ಅವಕಾಶವಿಲ್ಲ. ಅದು ಆಕೆಯ ಒಂಬತ್ತನೆಯ ಭೇಟಿ. ಅಂದಿನ ಅರ್ಜಿದಾರರಲ್ಲೆಲ್ಲ ಅತಿ ಕಡಿಮೆ ಕಾರ್ಟಿಸಾಲ್ ಇದ್ದದ್ದು ಆಕೆಯ ಉಗುಳಿನಲ್ಲೇ.

"ಆಯಿ, ನಿಮಗ ಚಿಂತಿ ಆಗೂದಿಲ್ಲೇನ್ರಿ?" ಎಂದು ಆಕೆಯ ಮುಂದಿನ ಭೇಟಿಯಲ್ಲಿ ಶೈಲಜಾ ಕೇಳಿದರು.

"ಮೊದಲ ಆಗತಿತ್ತು ಯವ್ವಾ. ಈಗ ಕೆಲಸ ಆಗಲಿ ಅಂತ ಎಲ್ಲೆ ಬರತೇನಿ? ಬರೂದ ಕೆಲಸ ಆಗೇತಿ."

ಮೊದಲ ಸಲ ಬಂದವರಲ್ಲಿ ಏರಿದ್ದ ಒತ್ತಡ, ಹೆಚ್ಚು ಸಲ ಬಂದವರಲ್ಲಿ ಮೆಟ್ಟಿಲಿಳಿದಂತೆ ಇಳಿದು ಹನ್ನೊಂದನೆಯ ಭೇಟಿಗೆ ತಳ ಮುಟ್ಟಿತ್ತು. ಅಷ್ಟು ಚೆಲುವಾದ ರೇಖೆಯನ್ನು ಇಲಿಗಳೂ ಕೊಟ್ಟಿರಲಿಲ್ಲ. ಶೈಲಜಾಗೆ ಚನ್ನವ್ವನ ಬಗ್ಗೆ ಸಂಕಟವಾಯಿತು, ರೇಖೆಯ ಬಗ್ಗೆ ಹಿಗ್ಗಾಯಿತು. ಎರಡನ್ನೂ ಅಳೆದು ನೋಡಿದ್ದರೆ ಹಿಗ್ಗೇ ತುಸು ಹೆಚ್ಚು ತೂಗುತ್ತಿತ್ತು.

ವರದಿ ಓದಿದ ನಿಜಗುಣಪ್ಪನವರು ಮರುದಿನವೇ ಫಲಕ ತೂಗುಹಾಕಿಸಿದರು: 'ಸಾರ್ವಜನಿಕರ ಆರೋಗ್ಯದ ಹಿತದೃಷ್ಟಿಯಿಂದ ಹನ್ನೊಂದನೆಯ ಭೇಟಿಗೆ ಮುನ್ನ ಯಾರ ಕೆಲಸವನ್ನೂ ಮಾಡತಕ್ಕದ್ದಲ್ಲ.'

ಶೈಲಜಾ ಓಡಿ ಬಂದರು. "ಸರ, ಅವರ ಒತ್ತಡ ವಾಸಿ ಆಗಿಲ್ರಿ. ಆಸೆ ಹೋಗೇತಿ. ಎರಡನೇ ಹಾಳಿಯೊಳಗ ಬರದೇನ್ರಿ."

"ಓದೇನ್ರಿ ಮೇಡಂ. ಆಸೇನ ದುಃಖಕ್ಕ ಮೂಲ ಅಂತ ಹಿರ್ಯಾರು ಬಾಯಿಲೆ ಹೇಳಿದ್ರು. ನೀವು ಮಶೀನಿಲೆ ತೋರ್ಸೀರಿ."

ಹನ್ನೊಂದನೆಯ ಭೇಟಿಯಲ್ಲಿ ನಿಯಮದಂತೆ ಚನ್ನವ್ವನ ಕೆಲಸವಾಯಿತು. ಕಾಗದ ಕೈಗೆ ಬಂದಾಗ ಆಕೆ ಅದನ್ನು ಓದಲಿಲ್ಲ, ಓದಲು ಬರುತ್ತಿರಲಿಲ್ಲ. ಶೈಲಜಾರ ಮುಂದೆ ಹಿಡಿದಳು. "ಚನ್ನವ್ವ ಅಂತ ಐತೇನ ಯವ್ವಾ?" ಐತಿ ಎಂದದ್ದೇ ತಡ, ಬಾಕಿನ ಮೇಲೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಶೈಲಜಾಗೂ ಕಣ್ಣು ತುಂಬಿತು. ಆದರೂ ಬಾಟಲಿ ಮುಂದೆ ಚಾಚಿದರು.

ಪ್ರಯೋಗಾಲಯದ ಫಲಿತಾಂಶ ನಾಲ್ಕನೆಯ ದಿನ ಬಂತು. ಇಡೀ ಅಧ್ಯಯನದಲ್ಲೇ ಅತ್ಯಧಿಕ ಕಾರ್ಟಿಸಾಲ್.

ನಿಜಗುಣಪ್ಪನವರು ಗಂಭೀರರಾದರು. ಕೆಲಸವಾಗುವುದು ಅರ್ಜಿದಾರರ ಆರೋಗ್ಯಕ್ಕೆ ಅಪಾಯಕಾರಿ ಎಂದು ಸಾಬೀತಾಗಿರುವುದರಿಂದ ತಿದ್ದುಪಡಿಯನ್ನು ಕೂಡಲೇ ಹಿಂಪಡೆಯಬೇಕೆಂದೂ ಮುಂದೆ ಯಾರ ಜೀವಕ್ಕೂ ಇಂಥ ಆಘಾತ ಮಾಡಬಾರದೆಂದೂ ಆದೇಶ ಬರೆಸಿ, ಅಂಕಿ-ಅಂಶ ಸರಿ ಇವೆ ಎಂಬಲ್ಲಿ ಸಹಿ ಹಾಕಲು ಶೈಲಜಾರನ್ನು ಕರೆದರು.

"ಸರ, ಖುಷಿ ಆದ್ರೂ ಅದು ಏರತೈತ್ರಿ."

"ಖುಷಿ ಯಾವದು, ದುಃಖ ಯಾವದು ಅಂತ ನಿಮ್ಮ ಮಶೀನಿಗೆ ತಿಳೀತೈತೇನ್ರಿ?"

"ಇಲ್ರಿ."

"ಅಂಕಿ ಸುಳ್ಳೇನ್ರಿ?"

"ಇಲ್ರಿ. ಖರೇ ಅದಾವ್ರಿ."

ಮೇಜಿನ ಮೇಲೆ ಆದೇಶ ಹಾರದಂತೆ ಇಟ್ಟಿದ್ದ ಕಲ್ಲಿನ ಕೆಳಗೆ ಇನ್ನೊಂದು ಹಾಳೆ ಇತ್ತು: ಅಧ್ಯಯನ ತೃಪ್ತಿಕರವಾಗಿ ಮುಗಿದಿದೆ ಎಂಬ, ನಿಜಗುಣಪ್ಪನವರ ಸಹಿ ಇನ್ನೂ ಬೀಳದ ಪ್ರಮಾಣಪತ್ರ. ಅದಿಲ್ಲದೆ ಹೋದರೆ ಹದಿನಾಲ್ಕು ವರ್ಷದ ದುಡಿಮೆ ಪುನಃ ಇಲಿಗಳ ಹತ್ತಿರ ಹೋಗಿ ನಿಲ್ಲುತ್ತಿತ್ತು. ಒತ್ತಡದಲ್ಲಿ ಸಿಕ್ಕ ಪ್ರಾಣಿ ಎದುರಿಸಿ ಕಾದುತ್ತದೆ, ಇಲ್ಲವೇ ಓಡುತ್ತದೆ ಎಂದು ಶೈಲಜಾ ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಸಹಿ ಹಾಕುತ್ತದೆ ಎಂಬ ಮೂರನೆಯ ದಾರಿ ಪಠ್ಯದಲ್ಲಿ ಇರಲಿಲ್ಲ. ಸಹಿ ಹಾಕಿದರು. ಚೀಲದಲ್ಲಿ ಒಂದು ಖಾಲಿ ಬಾಟಲಿ ಉಳಿದಿತ್ತು, ತಮ್ಮ ಉಗುಳಿಗೆಂದು ಅದನ್ನು ಹೊರತೆಗೆಯಲಿಲ್ಲ.

ನೋಟಿಸು ತಲುಪಿ ಬಂದ ಚನ್ನವ್ವ ಸೆರಗಿನ ಗಂಟು ಬಿಚ್ಚಿ ಕಾಗದವನ್ನು ವಾಪಸು ಕೊಟ್ಟಳು. ತಲೆತಗ್ಗಿಸಿ ನಿಂತಿದ್ದ ಶೈಲಜಾರ ಬೆನ್ನು ಸವರಿದಳು.

"ಇರಲಿ ಬಿಡ ಯವ್ವಾ. ಎಂಟ ದಿನ ಹೆಂಗಸಾಗಿದ್ನೆಲ್ಲ."

ಆಮೇಲೆ ಬಾಕಿನ ಮೇಲೆ ತನ್ನ ಜಾಗಕ್ಕೆ ಹೋಗಿ ಕೂತಳು. ಪಕ್ಕದವರು ಸರಿದು ಅನುವು ಮಾಡಿಕೊಟ್ಟರು.

ಸವದತ್ತಿ ಮತ್ತು ರಾಮದುರ್ಗದ ಶಾಖೆಗಳು ಆದೇಶದ ಪ್ರತಿ ತರಿಸಿಕೊಂಡು ಜಾರಿಗೆ ತಂದವು. ಕಿತ್ತೂರಿನ ಶಾಖೆ ಮಾತ್ರ ಆಕ್ಷೇಪಣೆ ಸಲ್ಲಿಸಿತು: ಯಾವ ವಿಜ್ಞಾನದ ನೆರವೂ ಇಲ್ಲದೆ ತಾವು ಇಪ್ಪತ್ತೆರಡು ವರ್ಷಗಳಿಂದ ಒಬ್ಬರ ಕೆಲಸವನ್ನೂ ಮಾಡದೆ ಜನರ ಆರೋಗ್ಯ ಕಾಪಾಡಿಕೊಂಡು ಬಂದಿದ್ದು, ಸಂಶೋಧನೆಯ ಶ್ರೇಯಸ್ಸು ಬೇರೆಯವರಿಗೆ ಸಲ್ಲುವುದು ಅನ್ಯಾಯ.

ಶೈಲಜಾ ದಾಖಲೆಗಳನ್ನು ಪರಿಶೀಲಿಸಿದರು. ಆಕ್ಷೇಪಣೆ ನ್ಯಾಯವಾಗಿಯೇ ಇತ್ತು. ಪ್ರಬಂಧದಲ್ಲಿ ಆ ಶಾಖೆಯ ಹೆಸರನ್ನು ತಮ್ಮ ಹೆಸರಿಗಿಂತ ಮೊದಲು ಹಾಕಿ ಅಚ್ಚಿಗೆ ಕಳಿಸಿದರು.