ಚಿತ್ರ ಓದಿದ ರಾಮಾಂಜಿನಯ್ಯ

ಶೆಟ್ಟಿಹಳ್ಳಿಯ ಶೀಟಿನ ಮನೆಗಳವರಿಗೆ ಮೂರಂತಸ್ತಿನ ಗುಂಪು ಮನೆ ಕಟ್ಟಿಕೊಡುವ ಯೋಜನೆ ಬಂದಿತ್ತು. ಜೊತೆಗೆ ಮನೆಗೊಂದು ಚಿತ್ರದ ಪುಸ್ತಕವೂ ಬಂತು. ಅದನ್ನು ಓದಿಕೊಂಡು, ತಮಗೆಂಥ ಮನೆ ಬೇಕೆಂದು ಹನ್ನೊಂದು ಗಂಟೆಯ ಸಭೆಯಲ್ಲಿ ಹೇಳಬೇಕಿತ್ತು. ಪುಸ್ತಕದಲ್ಲಿ ಒಂದಕ್ಷರವೂ ಇರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿ.

ಆಟೊ ಓಡಿಸುವ ಚನ್ನೇಶ ನೀರಿನ ಪೈಪನ್ನು ಹಾವೆಂದುಕೊಂಡ. ಪಕ್ಕದ ಮನೆಯ ಪುಟ್ಟಗಂಗಮ್ಮ, ಗೋಡೆಯ ಆಚೀಚೆ ನಿಂತ ಇಬ್ಬರು ಹೆಂಗಸರನ್ನು ಕಂಡು ಇದು ಜಗಳದ ಪುಸ್ತಕವೆಂದು ತೀರ್ಮಾನಿಸಿದಳು. ಸೆಂಟ್ರಿಂಗ್ ಕೆಲಸದ ರಾಮಾಂಜಿನಯ್ಯನಿಗೆ ಮಾತ್ರ ನಕ್ಷೆ ನೋಡಿ ಅಭ್ಯಾಸವಿತ್ತು. ಹೆಂಡತಿ ನರಸಿಂಹಮ್ಮನ ಮಂಡಿ ಕೈಕೊಟ್ಟು ವರ್ಷವಾಗಿತ್ತು. ನೆಲಮಟ್ಟದಲ್ಲೊಂದು ಮನೆ ಸಿಕ್ಕರೆ ಸಾಕೆಂದು ಅವನು ಪುಸ್ತಕವನ್ನು ಪರೀಕ್ಷೆಗೆ ಕೂತವನಂತೆ ಓದಿದ್ದ. ಸಭೆಯ ದಿನ ಬೆಳಿಗ್ಗೆ ಏಳಕ್ಕೇ ವಠಾರವೆಲ್ಲ ಅವನ ಬಾಗಿಲಿಗೆ ಬಂತು.

"ಮೊದ್ಲು ಇಡೀ ಚಿತ್ರ ನೋಡಿ. ಆಮೇಲೆ ಬಾಣ ಎತ್ಲಾಗೆ ಹೋಗ್ತದೆ ನೋಡಿ. ಗೋಡೆ ಪಕ್ಕ ನಿಂತವ್ನಲ್ಲ, ಅವ್ನು ಅಳತೆಗೆ ನಿಂತಿರೋದು ಕಣ್ರಪ್ಪ, ಬಾಡಿಗೆ ಕೇಳೋಕಲ್ಲ."

ಕೆಳಗಿನ ಮನೆಯ ಬಾಗಿಲಲ್ಲಿ ಕೋಲು ಹಿಡಿದ ಮುದುಕನ ಚಿತ್ರವಿತ್ತು. ಮೆಟ್ಟಿಲು ಹತ್ತಲಾಗದವರಿಗೆ ಕೆಳಗಿನ ಮನೆ ಎಂದು ಅದನ್ನೂ ಬಿಡಿಸಿ ಹೇಳಿದ. ಎಲ್ಲರಿಗೂ ಚೆನ್ನಾಗಿ ಅರ್ಥವಾದದ್ದು ಆ ಪುಟವೇ.

ಸಭೆಗೆ ಇಡೀ ವಠಾರ ಕುಂಟುತ್ತಾ ಬಂತು. ಚನ್ನೇಶ ಅಧಿಕಾರಿಯ ಮೇಜಿನ ಬಳಿ ಹೋಗುವಾಗ ಎಡಗಾಲು, ಬರುವಾಗ ಬಲಗಾಲು ಎಳೆದ. ಅಷ್ಟು ಕುಂಟರ ನಡುವೆ ನಿಜವಾಗಿ ನೋವಿದ್ದ ನರಸಿಂಹಮ್ಮನೇ ನಾಟಕವಾಡುವವಳಂತೆ ಕಂಡಳು.

ಅಧಿಕಾರಿ ಸುಮನಾ ಮೇಡಂ, ಇದನ್ನು ಹೇಳಿಕೊಟ್ಟವರು ಯಾರೆಂದು ಕೇಳಿದರು. ಎಲ್ಲ ಬೆರಳೂ ರಾಮಾಂಜಿನಯ್ಯನ ಕಡೆ ತಿರುಗಿದವು.

ಮೇಡಂ ಮಾತ್ರ ಬೈಯಲಿಲ್ಲ. ಗುಬ್ಬಿ, ಕುಣಿಗಲ್‌ನಲ್ಲಿ ಯಾರೂ ಪುಸ್ತಕದ ರಟ್ಟು ಸಹ ತೆಗೆದಿಲ್ಲ, ಅಲ್ಲೆಲ್ಲ ಬಿಡಿಸಿ ಹೇಳಲು ಇಂಥವರೇ ಬೇಕು ಎಂದು ಸಂತೋಷಪಟ್ಟು, ಒಂದು ಕಾಗದಕ್ಕೆ ಸಹಿ ಹಾಕಿಸಿ, ಅವನ ಕೊರಳಿಗೊಂದು ಇಲಾಖೆಯ ಕಾರ್ಡು ಹಾಕಿದರು. ಚಪ್ಪಾಳೆ ಬಿತ್ತು. ಅವನು ಧೈರ್ಯ ಮಾಡಿ ತನ್ನ ಮನೆಯ ಮಾತೆತ್ತಿದ.

"ಇಲಾಖೆ ಕಾರ್ಡ್ ಇರೋರಿಗೆ ಮನೆ ಕೊಡೋ ಹಾಗಿಲ್ವಲ್ಲಾ. ನಿಮ್ಮ ಹೆಸ್ರು ಪಟ್ಟಿಯಿಂದ ಈಗ್ತಾನೆ ತೆಗೆದ್ವಿ."

ಕಾರ್ಡು ವಾಪಸ್ ಕೊಡಲು ಹೋದ. ಕಂಪ್ಯೂಟರಿಗೆ ಏರಿದ ಮೇಲೆ ಇಳಿಸಲು ಬರುವುದಿಲ್ಲವಂತೆ. ನರಸಿಂಹಮ್ಮ ಗೋಡೆ ಹಿಡಿದುಕೊಂಡು ಹೊರಗೆ ನಡೆದಳು.

ಮಧ್ಯಾಹ್ನವೇ ಇಲಾಖೆಯ ಜೀಪು ಅವನನ್ನು ಗುಬ್ಬಿಗೆ ಕರೆದೊಯ್ದಿತು. ಅಲ್ಲಿ ಅವನು ಪುಸ್ತಕ ಬಿಡಿಸಿ ಹೇಳುತ್ತಿದ್ದಾಗ ಮುಂದೆ ಕೂತಿದ್ದ ಮುದುಕಿಯೊಬ್ಬಳು ವಿಶ್ವಾಸದಿಂದ ಕೇಳಿದಳು: "ನಿಮ್ಗೆ ಎಷ್ಟನೇ ಅಂತಸ್ತಲ್ಲಿ ಸಿಕ್ತಪ್ಪಾ?"

ರಾಮಾಂಜಿನಯ್ಯ ಪುಟ ತಿರುವಿದ.